ಹತ್ತೂವರೆ ಇಂಚಿನ ಗೇಣು

ಲೆನ್‌ಹಾರ್ಟ್ ಬಿಳಿಯ ಕೈಗವಸುಗಳನ್ನು ಚರ್ಚಿನ ಕೊನೆಯ ಬೆಂಚಿನ ಮೇಲೆ ಜೋಡಿ ಜೋಡಿಯಾಗಿ ಇಡುತ್ತ ಬಂದು ಆರನೆಯ ಜೋಡಿಯನ್ನು ಕೈಯಲ್ಲೇ ಹಿಡಿದು ನಿಂತ. ಊರಿನ ಹೆಣಗಳನ್ನು ಮಣ್ಣು ಮಾಡಿಸುವುದು ಅವನ ತಾತನ ಕಾಲದಿಂದ ಬಂದ ಕಸುಬು. ಅವನ ದನಿ ಎಂದೂ ಏರುತ್ತಿರಲಿಲ್ಲ.

"ಇರ್ಮಾ ಅವ್ರೇ, ಹೊರೋದಕ್ಕೆ ಐದು ಜನ ಆದ್ರು. ಆರನೆಯವರು ಯಾರು?"

"ಬರ್ತಾರೆ" ಎಂದಳು ಇರ್ಮಾ.

"ಹೆಸರು ಹೇಳಿದ್ರೆ ಬರ್ಕೋತೀನಿ."

ಅವಳು ಬಾಗಿಲ ಕಡೆ ನೋಡಿದಳು. ಅವಳ ಗಂಡ ಎಮಿಲ್ ಮಲಗಿದ್ದ ಪೆಟ್ಟಿಗೆಯ ತಲೆಯ ಕಡೆ, ಅವನು ದುಡಿದಿದ್ದ ತಂಡದವರು ಕಳಿಸಿದ ಹೂವು ನಿಂತಿತ್ತು. ಕೈಯಲ್ಲಿ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಟಗಾರರ ಶಿರಸ್ತ್ರಾಣದ ಆಕಾರದಲ್ಲಿ, ತಂಡದ ಬಣ್ಣದಲ್ಲಿ ಕಟ್ಟಿದ್ದು. ಹೂವಿನ ಜೊತೆ ಮನುಷ್ಯರು ಬಂದಿರಲಿಲ್ಲ.

"ಅವನು ಬರದಿದ್ರೆ ನಾನೇ ಎರಡು ಕೈಲೂ ಹಿಡೀತೀನಿ ಬಿಡಪ್ಪ" ಎಂದ ಗಸ್. ಎಮಿಲ್‌ನ ತಮ್ಮ, ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ಕಿವಿ ಮಂದವಾದವನು, ಮೆಲ್ಲಗೆ ಮಾತಾಡಲು ಬಾರದವನು. "ಕೊನೇ ಆರು ತಿಂಗಳಲ್ಲಿ ನಮ್ಮಣ್ಣನ ಮೈಲಿ ಉಳಿದಿದ್ದಾದ್ರೂ ಏನು? ಪೆಟ್ಟಿಗೇನೇ ಅವನಿಗಿಂತ ಭಾರ."

ಉಳಿದ ನಾಲ್ವರು ಚರ್ಚಿನ ಹಜಾರದಲ್ಲಿ ವಾರವಾರ ಇಸ್ಪೀಟು ಆಡುವ ಮುದುಕರು. ಗಸ್ ಕರೆದನೆಂದು ಬಂದಿದ್ದರು. ಅವರಲ್ಲೊಬ್ಬ ಕೈಗವಸು ಹಾಕಿಕೊಳ್ಳುತ್ತ ಪಕ್ಕದವನನ್ನು ಕೇಳುತ್ತಿದ್ದ: "ಎಮಿಲ್ ಗಸ್‌ಗಿಂತ ಎತ್ತರದವನಾ, ಕುಳ್ಳನಾ?" ವರ್ಷಕ್ಕೆ ಇನ್ನೂರು ದಿನ ಊರಲ್ಲಿಲ್ಲದ ಮನುಷ್ಯನ ಮುಖ ಯಾರಿಗೆ ನೆನಪಿರುತ್ತದೆ?

ಹೊರುವವರು ಯಾರು ಯಾರೆಂದು ಎಮಿಲ್ ಬರೆದಿಟ್ಟೇ ಹೋಗಿದ್ದ. ಅದು ಇರ್ಮಾಳಿಗೆ ಸಿಕ್ಕಿದ್ದು ಸೋಮವಾರ, ಕಾರಿನ ಖಾನೆಯಲ್ಲಿ, ಅವನ ಜಪಮಾಲೆಯ ಅಡಿಯಲ್ಲಿ. ಒಂದರಿಂದ ಆರರವರೆಗೆ ಅಂಕಿ ಹಾಕಿ, ಅರ್ಹತೆಯ ಕ್ರಮದಲ್ಲಿ, ಪ್ರತಿ ಹೆಸರಿನ ಮುಂದೆ ಒಂದು ಟಿಪ್ಪಣಿ. ಐವರು ತಂಡಗಳಿಗೆ ಹೊಸ ಆಟಗಾರರನ್ನು ಹುಡುಕುತ್ತ ಅವನ ಜೊತೆ ಊರೂರು ಅಲೆದ ಕಸುಬಿನವರು. "ಮೊಣಕಾಲು ನೋವು, ಮೆಟ್ಟಿಲಲ್ಲಿ ಎಚ್ಚರ." "ಮಾತು ಜಾಸ್ತಿ, ಹಿಡಿದದ್ದು ಬಿಡುವವನಲ್ಲ." ಮೊದಲನೆಯ ಹೆಸರು ಮಾತ್ರ ಕಸುಬಿನವನದಲ್ಲ. ಅದರ ಮುಂದೆ ಒಂದು ಫೋನ್ ನಂಬರು, ಮತ್ತೆ ಎರಡೇ ಶಬ್ದ: "ಎಡಗೈ ಮಾತ್ರ."

ಅಷ್ಟರಲ್ಲಿ ಅವಳು ಗುರುವಾರಕ್ಕೆ ದಿನ ಗೊತ್ತುಮಾಡಿಯಾಗಿತ್ತು. ಫಾದರ್ ಬುಧವಾರವೂ ಆದೀತು ಎಂದಿದ್ದರು. ಗುರುವಾರವೇ ಎಂದು ಹಿಡಿದವಳು ಇರ್ಮಾ. ಆ ಸಂಜೆ ಡ್ರಾಫ್ಟು. ಕಾಲೇಜು ಮುಗಿಸುವ ಹುಡುಗರನ್ನು ವೃತ್ತಿಯ ತಂಡಗಳು ಒಬ್ಬೊಬ್ಬರನ್ನಾಗಿ ಹೆಸರು ಕೂಗಿ ಆರಿಸಿಕೊಳ್ಳುವ ದಿನ. ಮೂವತ್ತಮೂರು ವರ್ಷ ಎಮಿಲ್ ಆ ದಿನ ಮನೆಯಲ್ಲಿ ಇದ್ದದ್ದಿಲ್ಲ. ಈ ವರ್ಷ ಇರಲಿ, ಎಲ್ಲಿಗೂ ಹೋಗದೆ ನನ್ನ ಕಣ್ಣೆದುರು ಮಲಗಿರಲಿ ಎಂದು ಅವಳಿಗೆ ಹಟ ಬಂದಿತ್ತು. ಪಟ್ಟಿ ಹಿಡಿದು ಫೋನ್ ಮಾಡಿದಾಗ ಐವರೂ ಒಂದೇ ಮಾತು ಹೇಳಿದರು: "ಅಯ್ಯೋ ಇರ್ಮಾ, ಈ ಗುರುವಾರಾನಾ? ನಿನಗೇ ಗೊತ್ತಲ್ಲ."

ಅವಳಿಗೆ ಗೊತ್ತಿತ್ತು. ಉಳಿದದ್ದು ಮೊದಲನೆಯ ಹೆಸರು. ಮಂಗಳವಾರ ಮಧ್ಯಾಹ್ನ ಅದಕ್ಕೂ ಮಾಡಿದಳು. ಯಾರೂ ಎತ್ತಲಿಲ್ಲ. ವಾಯ್ಸ್‌ಮೇಲ್‌ನಲ್ಲಿ ದಿನ, ಹೊತ್ತು, ಚರ್ಚಿನ ಹೆಸರು ಹೇಳಿ ಇಟ್ಟಳು. ಬರಲಿ ಎಂದು ಎಷ್ಟು ಬೇಡಿದಳೋ, ಬರದಿರಲಿ ಎಂದೂ ಅಷ್ಟೇ ಬೇಡಿದಳು.

*

ಮದುವೆಗೆ ಮುಂಚೆ, ಉಪವಾಸ ಕಾಲದ ಒಂದು ಶುಕ್ರವಾರ, ಚರ್ಚಿನ ಹಜಾರದಲ್ಲಿ ಹುರಿದ ಮೀನಿನ ಊಟ ನಡೆದಿತ್ತು. ಎಮಿಲ್ ಆಗ ಶಾಲೆಯ ಹುಡುಗರಿಗೆ ಆಟ ಕಲಿಸುತ್ತಿದ್ದ. ಇರ್ಮಾಳ ಕೈಯನ್ನು ಮೇಜಿನ ಮೇಲೆ ಹರಡಿಸಿ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳತೆಪಟ್ಟಿ ಇಟ್ಟ.

"ಏಳೂಕಾಲು ಇಂಚು" ಎಂದ. "ಪಾಪ, ನಿನ್ನನ್ನ ಯಾವ ತಂಡದವರೂ ತಗೊಳ್ಳಲ್ಲ. ನಾನೇ ತಗೋಬೇಕು."

ಅವನ ಪ್ರೀತಿಯ ಮಾತುಗಳಲ್ಲಿ ಅವಳಿಗೆ ನೆನಪಿರುವುದು ಇದೊಂದೇ.

ಮದುವೆಯಾದ ಮೂರನೆಯ ವರ್ಷ ವೃತ್ತಿಯ ತಂಡವೊಂದಕ್ಕೆ ಹುಡುಗರನ್ನು ನೋಡಿಕೊಡುವ ಕೆಲಸ ಸಿಕ್ಕಿತು. ಅಲ್ಲಿಂದ ಮುಂದೆ ಅವನ ಮನೆ ಕಾರೇ. ಮೈದಾನದಲ್ಲಿ ಎಲ್ಲರ ಕಣ್ಣು ಚೆಂಡಿನ ಮೇಲಿದ್ದರೆ ಅವನ ಕಣ್ಣು ಚೆಂಡಿಲ್ಲದ ಹುಡುಗನ ಕಾಲಿನ ಮೇಲೆ. ಆಟ ಮುಗಿದ ಮೇಲೂ ಅರ್ಧ ಗಂಟೆ ನಿಲ್ಲುವನು. ಸೋತ ಹುಡುಗ ನೀರು ತಂದುಕೊಟ್ಟವನ ಜೊತೆ ಹೇಗೆ ಮಾತಾಡುತ್ತಾನೆ ಎಂದು ನೋಡಲು. ಎತ್ತರ, ತೂಕ, ಓಟ, ಕೊನೆಗೆ ಕೈಯ ಗೇಣು. ಎಲ್ಲ ಬರೆದು ತರುವನು. ಡ್ರಾಫ್ಟಿನ ಮೊದಲ ಸುತ್ತಿನಲ್ಲಿ ತಂಡಕ್ಕೆ ಸಿಗುವುದು ಒಬ್ಬನೇ ಹುಡುಗ. ಆ ಒಬ್ಬ ಕೆಟ್ಟರೆ ತಂಡಕ್ಕೆ ಐದು ವರ್ಷ ಏಳಿಗೆಯಿಲ್ಲ ಎನ್ನುತ್ತಿದ್ದ. ಹುಡುಗನಿಗೆ ಏನಾಗುತ್ತದೆಂದು ಇರ್ಮಾ ಆಗ ಕೇಳಿರಲಿಲ್ಲ.

ಅವರಿಗೆ ಮಕ್ಕಳಾಗಲಿಲ್ಲ.

*

ಮೊದಲ ಗಂಟೆ ಹೊಡೆಯುವಾಗ ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ಕರಿಯ ಮನುಷ್ಯ, ಎತ್ತರದವನು, ಗಡ್ಡ ಅರ್ಧ ನೆರೆತಿದೆ. ಬಲಗೈ ಕೋಟಿನ ಜೇಬಿನಲ್ಲಿತ್ತು. ಎಡಗೈಯಿಂದ ಟೋಪಿ ತೆಗೆದು ಅದನ್ನು ಕಂಕುಳಲ್ಲಿ ಸಿಕ್ಕಿಸಿ, ಅದೇ ಕೈಯನ್ನು ಇರ್ಮಾಳಿಗೆ ಚಾಚಿದ.

"ಆಮೋಸ್ ಟಾಲಿವರ್, ಅಮ್ಮಾ. ಮಿಸಿಸಿಪ್ಪಿಯಿಂದ ಬಂದೆ."

"ಅಷ್ಟು ದೂರ ಒಬ್ಬನೇ ಬಂದ್ಯಾ?"

"ಹದಿನಾಲ್ಕು ಗಂಟೆ. ಕಾರಿಗೆ ಒಂದು ಕೈ ಸಾಕು."

ಲೆನ್‌ಹಾರ್ಟ್ ಆರನೆಯ ಜೋಡಿ ಹಿಡಿದು ಬಂದ. ಎಡಗೈಯ ಗವಸು ಬೆರಳುಗಳ ಬುಡಕ್ಕೂ ಇಳಿಯಲಿಲ್ಲ. "ಇದೇ ದೊಡ್ಡ ಸೈಜು" ಎಂದು ಅವನು ತಾನೇ ತಪ್ಪು ಮಾಡಿದವನಂತೆ ಹೇಳಿದ.

"ಬಿಡಪ್ಪ, ಬರಿಗೈಲಿ ಹಿಡೀಲಿ" ಎಂದ ಗಸ್. "ಆ ಕೈ ನೋಡು. ಆ ಕಾಲದಲ್ಲಿ ಟಿವೀಲಿ ನೋಡಿದ್ದೆ ಕಣಯ್ಯಾ ನಿನ್ನ. ಕೈಯಾ ಅದು, ಮೊರ."

"ಈಗ ಅರ್ಧ ಮೊರ" ಎಂದ ಆಮೋಸ್. "ಯಾವ ಕಡೆ ನಿಲ್ಲಲಿ? ಎಡಗೈ ಮಾತ್ರ ಆಗುತ್ತೆ."

ಪೆಟ್ಟಿಗೆ ಅವನ ಎಡಕ್ಕೆ ಬರುವ ಹಾಗೆ ನಿಲ್ಲಿಸಿದರು. ಬಲಿಪೀಠದ ಕಡೆಗೆ ಒಯ್ಯಲು ಎತ್ತುವಾಗ ಇಸ್ಪೀಟಿನ ಮುದುಕರು ಏದುಸಿರು ಬಿಟ್ಟರು. ಆಮೋಸ್ ಇದ್ದ ಮೂಲೆ ಮಾತ್ರ ಒಂದಂಗುಲವೂ ತಗ್ಗಲಿಲ್ಲ.

ಪೂಜೆಯ ಮಧ್ಯೆ ಫಾದರ್ ನಾಲ್ಕು ಮಾತಾಡಿದರು. ಯಾರಲ್ಲಿ ಯಾವ ಕುಂದಿದೆ ಎಂದು ಕಾಣುವ ಕಣ್ಣನ್ನು ದೇವರು ಎಮಿಲ್‌ಗೆ ಕೊಟ್ಟಿದ್ದನೆಂದೂ, ಅದನ್ನು ಅವನು ಒಂದು ದಿನವೂ ಮುಚ್ಚಲಿಲ್ಲವೆಂದೂ ಹೇಳಿದರು. ಇರ್ಮಾ ತಲೆ ತಗ್ಗಿಸಿದಳು. ಒಂದು ದಿನ ಮುಚ್ಚಿದ್ದ. ಮುಚ್ಚಿಸಿದ್ದು ಯಾರೆಂದು ದೇವರಿಗೆ ಗೊತ್ತು.

*

ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಭಾನುವಾರ. ಎಮಿಲ್ ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿಗೆ ಕೂತು ವರದಿಯ ಹಾಳೆ ಎದುರಿಗಿಟ್ಟುಕೊಂಡಿದ್ದ. ಕೈ ಬರೆಯುತ್ತಿರಲಿಲ್ಲ.

"ಇಂಥ ಹುಡುಗ ನನಗೆ ಮತ್ತೆ ಸಿಗಲ್ಲ ಇರ್ಮಾ. ಗೇಣು ಹತ್ತೂವರೆ ಇಂಚು. ಚೆಂಡು ಅವನ ಕೈಗೆ ಬಂದ್ರೆ ಅಂಟು ಹಾಕಿದ ಹಾಗೆ."

"ಮತ್ತೇನು? ಬರಿ."

"ಡಿಕ್ಕಿಯಾದ ಮೇಲೆ ಬಲಗೈನ ಹೀಗೆ ಒದರ್ಕೋತಾನೆ. ಬೆರಳು ಮರಗಟ್ಟಿದವರ ಹಾಗೆ. ಐದು ಆಟದಲ್ಲಿ ಮೂರು ಸಲ ನೋಡಿದೆ. ಕತ್ತಿನ ನರ ಅಂತ ಕಾಣುತ್ತೆ." ಪೆನ್ನಿನ ಮುಚ್ಚಳ ಹಾಕಿ ತೆಗೆದ. "ಹುಡುಗ ಕಾರಿನ ತನಕ ಬಂದ. 'ಸಾರ್, ನೀವು ನೋಡಿದ್ರಿ ಅಲ್ವಾ?' ಅಂದ. 'ಬರೀಬೇಡಿ ಸಾರ್. ನಮ್ಮಮ್ಮ ಶಾಲೇಲಿ ಅಡುಗೆ ಮಾಡ್ತಾಳೆ. ಮೊಣಕೈ ತನಕ ಸುಟ್ಟ ಕಲೆ. ಅವಳನ್ನ ಆ ಒಲೆ ಮುಂದಿಂದ ಏಳಿಸಬೇಕು' ಅಂದ."

ಇರ್ಮಾ ಸೂಪು ಬಡಿಸುತ್ತಿದ್ದಳು. ಹನ್ನೊಂದು ದಿನದ ಮೇಲೆ ಗಂಡ ಮನೆಗೆ ಬಂದಿದ್ದ, ಬಂದವನು ಇನ್ನೊಬ್ಬರ ಮಗನ ಕೈಯ ಮಾತಾಡುತ್ತಿದ್ದ.

"ಒಂದು ಸಾಲು ತಾನೇ? ಬಿಟ್ಬಿಡು. ಡಾಕ್ಟರುಗಳಿದ್ದಾರಲ್ಲ, ನೋಡ್ಕೋತಾರೆ."

"ನಾವು ಬರೆದ ಕಡೆ ಡಾಕ್ಟರು ನೋಡ್ತಾರೆ. ಬರೀದೇ ಇದ್ದ ಕಡೆ ಯಾರೂ ನೋಡಲ್ಲ."

"ಆ ತಾಯಿಗೆ ಒಳ್ಳೇದಾಗಲಿ ಬಿಡು ಎಮಿಲ್. ಸೂಪು ಆರಿಹೋಗ್ತಿದೆ."

ಅವನು ಅವಳ ಮುಖ ನೋಡಿದ. ಆಮೇಲೆ 'ಗಾಯ' ಎಂದಿದ್ದ ಕಡೆ 'ಇಲ್ಲ' ಎಂದು ಬರೆದು, ಹಾಳೆ ಪಕ್ಕಕ್ಕಿಟ್ಟು, ಚಮಚ ತೆಗೆದುಕೊಂಡ.

ಆ ಏಪ್ರಿಲ್‌ನಲ್ಲಿ ಮೊದಲ ಸುತ್ತಿನಲ್ಲೇ ತಂಡ ಆಮೋಸ್‌ನ ಹೆಸರು ಕೂಗಿತು. ಎರಡನೆಯ ವರ್ಷದ ಅಕ್ಟೋಬರಿನಲ್ಲಿ, ಎತ್ತರದಿಂದ ಬಂದ ಚೆಂಡನ್ನು ಹಿಡಿದು ಕಾಲು ನೆಲಕ್ಕೆ ತಾಗುವ ಮೊದಲೇ ಇಬ್ಬರು ಎರಡು ಕಡೆಯಿಂದ ಅವನ ಮೇಲೆ ಬಿದ್ದರು. ಚೆಂಡು ಕೈಬಿಟ್ಟು ಹೋಗಲಿಲ್ಲ. ಮೈದಾನದಿಂದ ಎತ್ತಿಕೊಂಡು ಹೋಗುವಾಗಲೂ ಅದು ಎಡಗೈಯಲ್ಲೇ ಇತ್ತು. ಬಲಗೈ ಮಾತ್ರ ಆಮೇಲೆ ಮೇಲೇಳಲಿಲ್ಲ.

ಎಮಿಲ್ ಟಿವಿ ಆರಿಸಿ ಹೊರಗೆ ಹೋಗಿ ಕಾರಿನಲ್ಲಿ ಕೂತ. ಇರ್ಮಾ ಕಿಟಕಿಯಿಂದ ನೋಡಿದಳು. ಜಪಮಾಲೆ ಕೈಯಲ್ಲಿತ್ತು, ತುಟಿ ಅಲುಗುತ್ತಿರಲಿಲ್ಲ. ಆ ಸೂಪಿನ ಮಾತನ್ನು ಅವನು ಸಾಯುವವರೆಗೆ ಎತ್ತಲಿಲ್ಲ. ಎತ್ತಿದ್ದರೆ ಅವಳಿಗೆ ಜಗಳವಾಡಲಾದರೂ ಆಗುತ್ತಿತ್ತು.

*

ಸ್ಮಶಾನಕ್ಕೆ ಹೋಗುವಾಗ ಅವಳು ಆಮೋಸ್‌ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಗಸ್ ಕಾರು ಹೊರಡಿಸಿದ ಕೂಡಲೇ ರೇಡಿಯೋ ತಾನಾಗಿ ಬಾಯಿಬಿಟ್ಟು, ಸಂಜೆಯ ಡ್ರಾಫ್ಟಿನಲ್ಲಿ ಮೊದಲು ಯಾರ ಹೆಸರು ಕೂಗಬಹುದು, ಯಾವ ಹುಡುಗನ ಕೈ ಎಷ್ಟು ಉದ್ದ ಎಂದು ಹೇಳತೊಡಗಿತು. ಗಸ್ ಅದರ ತಲೆಗೊಂದು ಹೊಡೆದು ಆರಿಸಿದ. ಹೊರಗೆ ತುಂತುರು ಶುರುವಾಗಿತ್ತು.

"ನಿನ್ನ ತಾಯಿ?" ಎಂದು ಕೇಳಿದಳು ಇರ್ಮಾ.

"ಹೋದಳಮ್ಮಾ. ಹೊಸ ಮನೆ ಕಟ್ಟಿಸಿಕೊಟ್ಟೆ. ಶಾಲೆ ಕೆಲಸ ಬಿಟ್ಟಳು. ಬಿಟ್ಟ ಮೇಲೆ ನನಗೆ ಉಣ್ಣಿಸೋ ಕೆಲಸ ಸಿಕ್ಕಿತು ಅವಳಿಗೆ. ಎರಡು ವರ್ಷ ಉಣ್ಣಿಸಿದಳು. ಅಷ್ಟೇ ಅವಳ ಸುಖ."

ಗಸ್ ಕನ್ನಡಿಯಲ್ಲಿ ನೋಡಿ ಕಣ್ಣು ರಸ್ತೆಗೆ ತಿರುಗಿಸಿದ.

"ಎಮಿಲ್ ನಿನ್ನ ಜೊತೆ ಮಾತಾಡ್ತಿದ್ನಾ?"

"ವರ್ಷಕ್ಕೊಂದ್ಸಲ. ಡ್ರಾಫ್ಟಿನ ದಿನ ಬೆಳಿಗ್ಗೆ ಫೋನ್ ಮಾಡೋರು. ಮೊದಮೊದಲು ಬಾಯಿಗೆ ಬಂದ ಹಾಗೆ ಬೈತಿದ್ದೆ. ಎಲ್ಲಾ ಕೇಳಿಸ್ಕೊಳ್ಳೋರು. 'ನಾನೇ ಮಾಡಿದ್ದು, ನಾನೊಬ್ಬನೇ' ಅನ್ನೋರು. ಆಮೇಲೆ ಬೈಯೋದು ಬಿಟ್ಟೆ. 'ಕೈ ಹೇಗಿದೆ?' ಅಂತಿದ್ರು. 'ಹಾಗೇ ಇದೆ' ಅಂತಿದ್ದೆ. ಇಡ್ತಿದ್ರು." ಅವನು ಕಿಟಕಿಯ ಕಡೆ ತಿರುಗಿದ. "ಇವತ್ತು ಬೆಳಿಗ್ಗೆ ದಾರೀಲಿ ಫೋನ್ ಪಕ್ಕದ ಸೀಟಲ್ಲಿ ಇಟ್ಕೊಂಡಿದ್ದೆ. ಯಾಕೆ ಅಂತ ಗೊತ್ತಿಲ್ಲ."

ನಾನೊಬ್ಬನೇ. ಇಪ್ಪತ್ತು ವರ್ಷ ಯಾವುದೋ ಊರಿನ ಹೋಟೆಲ್ ಕೋಣೆಯಲ್ಲಿ ನಿಂತು ಹೇಳಿರಬೇಕು. ಇರ್ಮಾ ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಒತ್ತಿ ಹಿಡಿದಳು.

"ಅವನೊಬ್ಬನೇ ಅಲ್ಲ" ಎಂದಳು. "ಬರೀಲಾ ಬೇಡ್ವಾ ಅಂತ ಅವನು ಕೂತಿದ್ದ. ಬಿಟ್ಬಿಡು ಅಂದಿದ್ದು ನಾನು. ಸೂಪು ಆರಿಹೋಗುತ್ತೆ ಅಂತ ಅವಸರ ಮಾಡಿದೆ."

ಕಾರು ನದಿಯ ಸೇತುವೆಯ ಮೇಲೆ ಬಂತು. ಸೇತುವೆ ಮುಗಿಯಿತು. ಆಮೋಸ್ ತಿರುಗಲಿಲ್ಲ. ಕಾರ್ಖಾನೆಯ ಉದ್ದನೆಯ ತುಕ್ಕು ಗೋಡೆ ದಾಟಿ ಸ್ಮಶಾನದ ಬಾಗಿಲು ಕಂಡಾಗ ಕೇಳಿದ:

"ಯಾವ ಸೂಪು?"

"ಅಣಬೆ ಮತ್ತೆ ಬಾರ್ಲಿ."

ಅವನು ಒಮ್ಮೆ ತಲೆಯಾಡಿಸಿದ. ಕ್ಷಮಿಸು ಎಂದು ಅವಳು ಕೇಳಲಿಲ್ಲ. ಯಾವ ಬಾಯಿಂದ ಕೇಳುವುದು?

ಗುಂಡಿಯ ಹತ್ತಿರ ಫಾದರ್ ಪ್ರಾರ್ಥನೆ ಮುಗಿಸಿ ನೀರು ಚಿಮುಕಿಸಿದರು. ತುಂತುರಿನಲ್ಲಿ ಅದು ಯಾವುದು, ಇದು ಯಾವುದು ಎಂದು ತಿಳಿಯಲಿಲ್ಲ. ಹೊತ್ತವರು ಕೈಗವಸು ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟು ಹಿಂದೆ ಸರಿಯುವುದು ಅಲ್ಲಿಯ ರೂಢಿ. ಗಸ್ ತನ್ನದನ್ನು ಇಟ್ಟು, ಏನೋ ತಮಾಷೆ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡ. ನಾಲ್ವರು ಮುದುಕರೂ ಇಟ್ಟರು.

ಆಮೋಸ್‌ನ ಬಳಿ ಇಡಲು ಏನೂ ಇರಲಿಲ್ಲ. ಅವನು ಎಡಗೈಯನ್ನು ಬಲಜೇಬಿಗೆ ಹಾಕಿ, ಅಲ್ಲಿದ್ದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ಹೊರಗೆ ತೆಗೆದ. ಸೊರಗಿ ಒಣಗಿದ ಕೈ. ಬೆರಳುಗಳ ಉದ್ದ ಮಾತ್ರ ಹಾಗೇ ಇತ್ತು. ಅದನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗಾತವಲ್ಲ, ಬೋರಲಾಗಿ ಇಟ್ಟ. ಮಡಚಿಕೊಂಡಿದ್ದ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿದ. ಮೊದಲು ಹೆಬ್ಬೆರಳು, ಕೊನೆಗೆ ಕಿರುಬೆರಳು. ಕಿರುಬೆರಳು ಮತ್ತೆ ಮಡಚಿಕೊಂಡಿತು. ಮತ್ತೆ ಬಿಡಿಸಿ ಒತ್ತಿ ಹಿಡಿದ. ಅಳೆಯುವವರು ಅಳತೆಪಟ್ಟಿ ತರುವವರೆಗೆ ಹುಡುಗರು ಹಿಡಿಯುತ್ತಾರಲ್ಲ, ಹಾಗೆ ಕದಲದೆ ಹಿಡಿದ.

ಆಮೇಲೆ ಕೈಯನ್ನು ಎತ್ತಿ ಜೇಬಿಗೆ ಹಾಕಿಕೊಂಡು ಸರಿದು ನಿಂತ.

ಮುಚ್ಚಳದ ಮೇಲೆ ಹನಿಗಳು ಒತ್ತಾಗಿ ಕೂತಿದ್ದವು. ಅವುಗಳ ನಡುವೆ ಅವನ ಕೈ ಇದ್ದ ಜಾಗ ಒರೆಸಿದಂತೆ ಕಪ್ಪಾಗಿ, ಐದೂ ಬೆರಳು ಹರಡಿ ಕಾಣುತ್ತಿತ್ತು. ಲೆನ್‌ಹಾರ್ಟ್ ಪೆಟ್ಟಿಗೆ ಇಳಿಸಲೇ ಎಂದು ಕಣ್ಣಲ್ಲೇ ಕೇಳಿದ. ಇರ್ಮಾ ತಲೆಯಾಡಿಸಲಿಲ್ಲ. ಅವಳ ಕಣ್ಣೆದುರು ಕಿರುಬೆರಳ ತುದಿಯ ಮೇಲೆ ಒಂದು ಹನಿ ಬಿತ್ತು, ಮತ್ತೊಂದು ಹೆಬ್ಬೆರಳ ಮೇಲೆ. ಗೇಣು ಎರಡೂ ಕಡೆಯಿಂದ ಗಿಡ್ಡವಾಗುತ್ತ ಬಂತು.