ಪಿಲಿ ಕೋಟಿನ ಕಮಿಷನರ್

ಮಸ್ಕತ್ತಿನ ಜೂನ್ ತಿಂಗಳಲ್ಲಿ, ಕಾರಿನ ಬಾಗಿಲು ಮುಟ್ಟಿದರೆ ಅಂಗೈಯಲ್ಲಿ ಬೊಕ್ಕೆ ಏಳುವ ಬಿಸಿಲಿನಲ್ಲಿ, ದಪ್ಪ ಉಣ್ಣೆಯ ಕೋಟೊಂದನ್ನು ಎಳೆಗೂಸಿನಂತೆ ಎಡಗೈಯ ಮೇಲೆ ಮಲಗಿಸಿಕೊಂಡು ಅಲ್ ಖೌದ್‌ನ ರಸ್ತೆ ದಾಟುತ್ತಿರುವ ಮನುಷ್ಯ ಕಣ್ಣಿಗೆ ಬಿದ್ದರೆ ಅವರು ಭೋಜರಾಜರೇ. ಬೇರೆ ಯಾರೂ ಆಗಿರಲಾರರು. ಬೇರೆ ಯಾರಿಗೂ ಅಷ್ಟು ತಲೆ ಕೆಟ್ಟಿಲ್ಲ. ಬ್ಯಾಂಕಿರಲಿ, ಅಂಗಡಿಯಿರಲಿ, ಎ.ಸಿ.ಯ ತಂಪು ಮೂಗಿಗೆ ತಗುಲಿದ ಕ್ಷಣವೇ ಕೋಟು ಮೈಗೇರುತ್ತದೆ. ಕಡುಗೆಂಪು ಮೈ, ಬೂದುಬಣ್ಣದ ತೋಳು, ಎದೆಯ ಮೇಲೆ ಹಲ್ಲು ಕಿರಿದ ಮೃಗವೊಂದರ ಮುಖ. ಅದು ಅಮೆರಿಕದ ಗುಡ್ಡಗಾಡಿನ ಕೂಗರ್ ಎಂಬ ಪ್ರಾಣಿಯೆಂದು ಅವರು ಎಷ್ಟು ಸಲ ಬಿಡಿಸಿ ಹೇಳಿದರೂ ಪ್ರಯೋಜನವಾಗಿಲ್ಲ. ಹುಲಿವೇಷದ ನಾಡಿನಿಂದ ಬಂದ ನಮ್ಮ ತುಳುವರಿಗೆ, ಪಟ್ಟೆ ಇರಲಿ ಬಿಡಲಿ, ಹಲ್ಲು ಕಿರಿದದ್ದೆಲ್ಲ ಹುಲಿಯೇ, ತುಳುವಿನಲ್ಲಿ ಪಿಲಿ. ಹಾಗಾಗಿ ಅದು ಪಿಲಿ ಕೋಟು.

ಅವರ ನಡಿಗೆಯೂ ಆ ಕೋಟಿಗೆ ತಕ್ಕದ್ದು. ಬಲಭುಜವನ್ನು ಒಂದಿಷ್ಟು ಮುಂದೊಡ್ಡಿ, ಎದುರಿನಿಂದ ಯಾರೋ ಓಡಿಬಂದು ಡಿಕ್ಕಿ ಹೊಡೆಯಲಿದ್ದಾರೆಂಬ ಎಚ್ಚರದಲ್ಲಿ, ತರಕಾರಿ ಕೊಳ್ಳುವ ಹೆಂಗಸರ ನಡುವೆಯೂ ಅವರು ಓರೆಯಾಗಿಯೇ ಸಾಗುತ್ತಾರೆ. ಸರಕು ಸಾಗಿಸುವ ಕಂಪನಿಯೊಂದರಲ್ಲಿ ಟ್ರೇಲರ್‌ಗಳಿಗೆ ದಾರಿ ಗೊತ್ತುಮಾಡುವುದು ಅವರ ಉದ್ಯೋಗ. ಅಲ್ಲಿಂದ ಅಂಟಿಕೊಂಡ ಮಾತೊಂದು ಅವರ ನಾಲಿಗೆಯ ತುದಿಯಲ್ಲಿ ಸದಾ ಕುಳಿತಿರುತ್ತದೆ: "ಅದೆಲ್ಲ ಸರಿ ಮಾರಾಯ್ರೆ, ರೂಟ್ ಯಾವುದು?" ಮಗಳ ಮದುವೆ ನಿಶ್ಚಯವಾಯಿತೆಂದರೂ ರೂಟ್ ಯಾವುದು, ದೇವರಿದ್ದಾನೆಂದರೂ ರೂಟ್ ಯಾವುದು.

ಕೋಟು ಬಂದದ್ದು ಒಬ್ಬ ಅಮೆರಿಕನ್ ಎಂಜಿನಿಯರ್‌ನಿಂದ. ಅವನು ಒಮಾನ್ ಬಿಟ್ಟು ಹೊರಟಾಗ ಮನೆಸಾಮಾನನ್ನೆಲ್ಲ ಒಂದು ಗಾಜಿನ ಲೋಟವೂ ಒಡೆಯದಂತೆ ಹಡಗಿಗೆ ಹತ್ತಿಸಿಕೊಟ್ಟವರು ಭೋಜರಾಜರು. ಆ ಸಂತೋಷಕ್ಕೆ ಅವನು ತಾನು ಓದಿದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾನಿಲಯದ ಕೋಟನ್ನೂ, ಕೋಟಿನ ಜೊತೆಗೆ ತನ್ನ ಕಾಯಿಲೆಯನ್ನೂ ಇವರಿಗೆ ದಾಟಿಸಿ ಹೋದ. ಕಾಯಿಲೆಯೆಂದರೆ ಕಾಲೇಜ್ ಫುಟ್‌ಬಾಲ್. ಕಾಲಿಗಿಂತ ಕೈಗೂ ಭುಜಕ್ಕೂ ಹೆಚ್ಚು ಕೆಲಸವಿರುವ ಆ ಅಮೆರಿಕದ ಆಟ. ಅಲ್ಲಿ ಶನಿವಾರ ರಾತ್ರಿ ನಡೆದ ಪಂದ್ಯವನ್ನು ಇವರು ಇಲ್ಲಿ ಭಾನುವಾರ ಸಂಜೆ ಕೆಲಸ ಮುಗಿಸಿ ಬಂದು ನೋಡುತ್ತಾರೆ. ಅಷ್ಟರವರೆಗೆ ಇಡೀ ಆಫೀಸಿನಲ್ಲಿ ಕಿವಿ ಮುಚ್ಚಿಕೊಂಡು ತಿರುಗುವುದು ಅವರ ವ್ರತ: "ಯಾರೂ ಸ್ಕೋರ್ ಹೇಳ್ಬೇಡಿ, ಆಯ್ತಾ?" ಆ ಸ್ಕೋರ್ ಗೊತ್ತಿರುವ ಒಬ್ಬನೇ ಒಬ್ಬ ನರಮನುಷ್ಯನೂ ಸುತ್ತಮುತ್ತ ಸಾವಿರ ಮೈಲಿಯಲ್ಲಿ ಇಲ್ಲ. ಆದರೂ ಎಲ್ಲರೂ ಗಂಭೀರವಾಗಿ ತಲೆಯಾಡಿಸಿ, ಬಾಯಿಗೆ ಬೆರಳಿಟ್ಟುಕೊಳ್ಳುತ್ತಾರೆ.

ಆಟ ಅವರಿಗೆ ಸಂತೋಷ ಕೊಟ್ಟರೆ, ಆ ಆಟವನ್ನು ನಡೆಸುವವರು ಸಿಟ್ಟು ಕೊಟ್ಟರು. ಅಲ್ಲಿ ನೆರೆಹೊರೆಯ ಕಾಲೇಜುಗಳು ಸೇರಿ ಒಂದೊಂದು ಕೂಟ ಕಟ್ಟಿಕೊಂಡಿರುತ್ತವೆ, ಕಾನ್ಫರೆನ್ಸ್ ಎನ್ನುತ್ತಾರೆ; ಅದರ ಯಜಮಾನನಿಗೆ ಕಮಿಷನರ್ ಎಂದು ಹೆಸರು. ಅಕ್ಕಪಕ್ಕದ ಊರು, ಅಜ್ಜನ ಕಾಲದ ಹಗೆ, ವರ್ಷಕ್ಕೊಂದು ಮುಖಾಮುಖಿ. ಟಿ.ವಿ.ಯವರ ದುಡ್ಡು ಬಂತು ನೋಡಿ, ನೂರು ವರ್ಷ ದಾಟಿದ ಪಡುಗಡಲ ತೀರದ ಕೂಟದಿಂದ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಎಲೆಯ ಮೇಲೆ ಅನ್ನ ಬಿಟ್ಟವರಂತೆ ಎದ್ದುಹೋದವು. ಉಳಿದ ಎರಡರಲ್ಲಿ ಒಂದು ನಮ್ಮ ಪಿಲಿಯ ಕಾಲೇಜು. ಎದ್ದುಹೋದವುಗಳಲ್ಲಿ ಪೆಸಿಫಿಕ್ ದಡದ ಎರಡು ಕಾಲೇಜುಗಳು ಈಗ ಅಟ್ಲಾಂಟಿಕ್ ದಡದ ಕೂಟದಲ್ಲಿ ಆಡುತ್ತವೆ. ಹತ್ತು ಎಂದು ಹೆಸರಿಟ್ಟುಕೊಂಡ ಇನ್ನೊಂದು ಕೂಟದಲ್ಲಿ ಹದಿನೆಂಟು ತಂಡಗಳಿವೆ. ದಾರಿ ಕೂಡಿಸಿ ಕಳೆದು ಬದುಕುವ ಮನುಷ್ಯನಿಗೆ ಇದು ಅಂಕಗಣಿತದ ಮೇಲೂ ಭೂಗೋಳದ ಮೇಲೂ ಏಕಕಾಲಕ್ಕೆ ಆದ ಹಲ್ಲೆಯಂತೆ ಕಂಡಿತು.

"ಫುಟ್‌ಬಾಲ್ ಹುಡುಗರಾದ್ರೂ ವಾರಕ್ಕೊಂದು ಆಡುದು. ಅದೇ ಕಾಲೇಜುಗಳ ವಾಲಿಬಾಲ್ ಹೆಣ್ಣುಮಕ್ಳು? ಒಮಾನಿನ ಆ ತುದಿಯ ಸಲಾಲಾದ ಮಕ್ಳನ್ನು ಬುಧವಾರ ಈ ತುದಿಯ ಸೊಹಾರ್‌ಗೆ ಆಡ್ಲಿಕ್ಕೆ ಕಳಿಸಿ, ಗುರುವಾರ ಪರೀಕ್ಷೆಗೆ ಕೂತ್ಕೊಳ್ಳಿ ಅಂದ ಹಾಗೆ ಆಯ್ತಲ್ಲ! ಆ ದೊಡ್ಡ ಮನುಷ್ಯರು ಫೋನಿನಲ್ಲೇ ತೀರ್ಮಾನ ಮಾಡಿದ್ದು. ಆಡುವವರತ್ರ ಒಂದು ಮಾತು ಕೇಳಿದ್ದಾರಾ?" ಎಂದು ಅವರು ಮೇಜು ಕುಟ್ಟುವಾಗ ಎದುರಿಗಿದ್ದವರ ಚಹಾ ಚೆಲ್ಲುತ್ತಿತ್ತು. ಮುಂದಿನ ಕಾಲದ ಬಗ್ಗೆ ಅವರದೊಂದು ಭವಿಷ್ಯವಾಣಿಯೂ ಇತ್ತು: "ನೋಡ್ತಾ ಇರಿ, ಕೊನೆಗೆ ಎರಡೇ ಕೂಟ ಉಳೀತದೆ. ಮತ್ತೆ ಅಷ್ಟು ದೂರ ಹಾರಿ ಹಾರಿ ಸುಸ್ತಾಗಿ, ಹತ್ತಿರದವರು ಹತ್ತಿರದವರ ಜೊತೆ ಆಡುವ ಅಂತ ಅದರೊಳಗೆ ಸಣ್ಣ ಸಣ್ಣ ಗುಂಪು ಮಾಡ್ತಾರೆ. ಅಂದ್ರೆ ಎಂತ? ಹಳೇ ಕೂಟವೇ ವಾಪಾಸ್! ಈ ಬುದ್ಧಿ ಬರ್ಲಿಕ್ಕೆ ಜಗತ್ತು ಸುತ್ತಬೇಕಾ?"

ಇಂಥ ಧರ್ಮನಿಷ್ಠರನ್ನು ದೇವರು ಪರೀಕ್ಷಿಸದೆ ಬಿಡುವುದಿಲ್ಲ.

ಮಸ್ಕತ್ತಿನಲ್ಲಿ ನಮ್ಮ ಹೆಂಗಸರದೊಂದು ಥ್ರೋಬಾಲ್ ಕೂಟ ಇದೆ. ಸೆಕೆ ಇಳಿದ ತಿಂಗಳುಗಳಲ್ಲಿ, ಶುಕ್ರವಾರ ಬೆಳಿಗ್ಗೆ ಊರಿನ ನಾಲ್ಕು ಬಡಾವಣೆಗಳ ನಾಲ್ಕು ತಂಡಗಳು ಆಡುತ್ತಿದ್ದವು: ಖೌದ್, ಮವಾಲೇಹ್, ಸೀಬ್, ದಾರ್ಸೈಟ್. ಖೌದ್‌ನವರು ಬಹುಪಾಲು ಕರಾವಳಿಯವರು. ಭೋಜರಾಜರ ಹೆಂಡತಿ ವಸಂತಿ ನಾಯಕಿ, ಭೋಜರಾಜರೇ ಮ್ಯಾನೇಜರ್. ದಾರ್ಸೈಟ್‌ನವರು ಧಾರವಾಡ, ಗದಗ, ಬಾಗಲಕೋಟೆಯ ಕಡೆಯವರು. ಅವರ ನಾಯಕಿ ಶೈಲಶ್ರೀ, ಚೆಂಡಿಗಿಂತ ಮಾತನ್ನು ಬಿರುಸಾಗಿ ಎಸೆಯುವವಳು. ಈ ಕೂಟಕ್ಕೆ ಕಪ್ ಇಲ್ಲ, ಹಾರವಿಲ್ಲ, ಇರುವುದು ಒಂದೇ ಕಟ್ಟಳೆ. ಎರಡೂ ತಂಡ ಮನೆಯಿಂದ ಅಡುಗೆ ಮಾಡಿ ತರಬೇಕು. ಗೆದ್ದವರು ಕೂರಬೇಕು, ಸೋತವರು ಬಡಿಸಬೇಕು. ಬಡಿಸಿದ ಮೇಲೆಯೇ ಅವರ ಊಟ. ಮ್ಯಾನೇಜರ್‌ಗೂ ರಿಯಾಯಿತಿಯಿಲ್ಲ. ಹಾಗಾಗಿ ಧಾರವಾಡದ ರೊಟ್ಟಿ, ಎಣ್ಣೆಗಾಯಿಯನ್ನು ಉಡುಪಿಯ ಕೈ ಬಡಿಸಿದ್ದುಂಟು, ಉಡುಪಿಯ ನೀರ್‌ದೋಸೆಯನ್ನು ಧಾರವಾಡದ ಕೈ ಬಡಿಸಿದ್ದುಂಟು. ಹತ್ತು ಸಮ್ಮೇಳನಗಳ ಭಾಷಣದಿಂದಲೂ ಆಗದ ಅಖಂಡ ಕರ್ನಾಟಕ ಒಂದು ಚಾಪೆಯ ಮೇಲೆ ವಾರವಾರವೂ ನೆರವೇರುತ್ತಿತ್ತು.

ಕಳೆದ ಅಕ್ಟೋಬರಿನಲ್ಲಿ ಶೆಲ್ಡನ್ ಫೋನ್ ಮಾಡಿದ. ಕಾರ್ಯಕ್ರಮ ಏರ್ಪಡಿಸುವ ಕೆಲಸ ಅವನದು. ಅವನ ಹೆಂಡತಿ ಜೋಸ್ಲಿನ್ ಖೌದ್ ತಂಡದ ಅತ್ಯಂತ ಬಿರುಸಿನ ಕೈ. ಒಬ್ಬ ಪ್ರಾಯೋಜಕನನ್ನು ಹಿಡಿದು ಅವನು ಹೊಸ ಲೀಗ್ ಕಟ್ಟಿದ್ದ: ಒಳಾಂಗಣ, ಬಣ್ಣದ ದೀಪ, ಮೊಬೈಲಿನಲ್ಲಿ ನೇರಪ್ರಸಾರ. ಖೌದ್, ಮವಾಲೇಹ್, ಸೀಬ್ ಮೂರಕ್ಕೂ ಆಹ್ವಾನ. ದಾರ್ಸೈಟ್‌ಗೆ ಇಲ್ಲ.

"ಅವರದ್ದೊಂದು ಪೇಜೇ ಇಲ್ಲ ಭೋಜಣ್ಣ. ಫಾಲೋವರ್ಸ್ ಎಲ್ಲಿಂದ ಬರುದು?" ಎಂದ ಶೆಲ್ಡನ್. ಲೀಗಿಗೆ ಬಂದ ತಂಡ ಹೊರಗೆ ಬೇರೆ ಪಂದ್ಯ ಆಡಕೂಡದೆಂಬ ಷರತ್ತನ್ನು ಮೆಲ್ಲಗೆ ಸೇರಿಸಿದ. ಭೋಜರಾಜರು ಬಾಯಿ ತೆರೆಯುವಷ್ಟರಲ್ಲಿ ಕೊನೆಯ ಬಾಣ ಬಿಟ್ಟ: "ಮತ್ತೆ, ಕಮಿಷನರ್ ನೀವೇ. ನೀಲಿ ಬ್ಲೇಜರ್ ಹೊಲಿಸಿ ಆಗಿದೆ."

ಎಷ್ಟೋ ವರ್ಷಗಳಿಂದ ಅಮೆರಿಕದ ಕಮಿಷನರ್‌ಗಳನ್ನು ಶಪಿಸುತ್ತ ಬಂದ ಮನುಷ್ಯ, ಕಾರ್ ಪಾರ್ಕಿಂಗಿನಲ್ಲಿ ನಿಂತು, ಫೋನಿನಲ್ಲೇ, ಒಂದು ಚಹಾ ಆರುವಷ್ಟರಲ್ಲಿ ಒಪ್ಪಿಬಿಟ್ಟರು! ನಗಬೇಡಿ. ನೀಲಿ ಬ್ಲೇಜರ್ ಯಾರೂ ನಮಗೆ ಹೊಲಿಸದೇ ಇರುವತನಕ ನಾವೆಲ್ಲರೂ ತತ್ವನಿಷ್ಠರೇ. ಪಿಲಿ ಕೋಟು ಕಪಾಟಿನೊಳಗೆ ಹೋಯಿತು. ಒಂದು ವಾರ ಭೋಜರಾಜರು ನೀಲಿಯಲ್ಲಿ ಓಡಾಡಿದರು. ಭುಜ ಓರೆಯಾಗುವುದು ನಿಂತು ನಡಿಗೆ ನೆಟ್ಟಗಾಯಿತು. "ಕಾಲ ಬದಲಾಗ್ತಾ ಉಂಟಲ್ಲ", "ನಮ್ಮವರಿಗೂ ಒಂದು ಎಕ್ಸ್‌ಪೋಶರ್ ಬೇಕಲ್ಲ" ಎಂಬ ಮಾತುಗಳು ಅವರ ಬಾಯಿಂದ, ಯಾರೋ ಒಳಗಿನಿಂದ ಓದಿ ಹೇಳುತ್ತಿರುವಂತೆ, ಸಲೀಸಾಗಿ ಹೊರಬಂದವು. ಆ ವಾರ ಯಾರಿಗೂ ಅವರು ರೂಟ್ ಕೇಳಲಿಲ್ಲ.

ವಸಂತಿಗೆ ಸುದ್ದಿ ಮುಟ್ಟಿದ್ದು ಒಪ್ಪಿದ ದಿನವೇ ರಾತ್ರಿ ಊಟಕ್ಕೆ ಕೂತಾಗ. ಅವರು ಮೀನಿನ ಮುಳ್ಳು ಬಿಡಿಸುತ್ತಲೇ ಕೇಳಿಸಿಕೊಂಡರು. "ಶೈಲಶ್ರೀಗೆ ನೀವೇ ಹೇಳಿ" ಎಂದಷ್ಟೇ ಹೇಳಿ ಎದ್ದರು.

ಆ ಶುಕ್ರವಾರ ಖೌದ್‌ಗೂ ದಾರ್ಸೈಟ್‌ಗೂ ಪಂದ್ಯ. ಖೌದ್ ಹೀನಾಯವಾಗಿ ಸೋತಿತು. ಯಾರ ಕೈಯಲ್ಲೂ ಚೆಂಡು ನಿಲ್ಲಲಿಲ್ಲ. ಚಾಪೆ ಹಾಸಿದ್ದಾಯಿತು. ದಾರ್ಸೈಟ್‌ನ ಹೆಂಗಸರು ಸಾಲಾಗಿ ಕೂತರು. ಭೋಜರಾಜರು ನೀಲಿ ಬ್ಲೇಜರಿನಲ್ಲೇ ತೆಂಗಿನಕಾಯಿ ಅರೆದು ಮಾಡಿದ ಅಲಸಂಡೆ ಗಸಿಯ ಪಾತ್ರೆ ಹಿಡಿದು ಬಗ್ಗಿದರು. ಬಗ್ಗಿದ್ದೇ ತೋಳಿನ ಅಂಚು ಗಸಿಯಲ್ಲಿ ಮುಳುಗಿತು.

"ಅಣ್ಣಾರ, ಕೋಟಿಗೂ ಹಸಿವಾಗೇತೇನ್ರಿ?" ಎಂದಳು ಶೈಲಶ್ರೀ. ಚಾಪೆಯ ಉದ್ದಕ್ಕೂ ನಗೆ ಹಬ್ಬಿತು.

ನಗೆ ತಗ್ಗುವ ಮುನ್ನವೇ ಹೇಳಿಬಿಡಬೇಕೆಂದು ಭೋಜರಾಜರು ಒಂದೇ ಉಸಿರಿಗೆ ಒದರಿದರು: ಹೊಸ ಲೀಗ್, ಮೂರು ತಂಡ, ದಾರ್ಸೈಟ್ ಇಲ್ಲ, ಇನ್ನು ಶುಕ್ರವಾರದ ಆಟವೂ ಇಲ್ಲ. ಶೈಲಶ್ರೀ ಕೈಯಲ್ಲಿದ್ದ ದೋಸೆಯ ಚೂರನ್ನು ತಟ್ಟೆಗೆ ಮರಳಿಸಿದಳು. ಅವಳು ಕೇಳಿದ್ದು ಭೋಜರಾಜರನ್ನಲ್ಲ.

"ವಸಂತಕ್ಕಾ, ನೀವೆಲ್ಲಾ ಕೂಡಿ ಒಪ್ಪೀರೇನು?"

"ನಮ್ಮತ್ರ ಯಾರು ಕೇಳಿದ್ದು ಶೈಲಾ?" ಎಂದರು ವಸಂತಿ, ನೀರು ಬಡಿಸುತ್ತ, ದನಿ ಏರಿಸದೆ. "ಇವರು ಫೋನಿನಲ್ಲೇ ತೀರ್ಮಾನ ಮಾಡಿದ್ದು."

ಭೋಜರಾಜರು ಬಗ್ಗಿದವರು ಬಗ್ಗಿದಲ್ಲೇ ಉಳಿದರು. ತಾವು ಮೇಜು ಕುಟ್ಟಿ ಕುಟ್ಟಿ ಹೇಳುತ್ತಿದ್ದ ಮಾತು, ಸಮುದ್ರ ದಾಟಿ ಅಮೆರಿಕಕ್ಕೆ ಹೋಗಬೇಕಾಗಿದ್ದದ್ದು, ಒಂದು ಚಾಪೆಯಷ್ಟು ದೂರವೂ ಹೋಗದೆ ತಿರುಗಿ ಬಂದು ಅವರ ನೆತ್ತಿಗೆ ಬಡಿದಿತ್ತು. ಕಿವಿ ಪಿಲಿ ಕೋಟಿನ ಬಣ್ಣಕ್ಕೆ ತಿರುಗಿತು. ಸೌಟು ಕೆಳಗಿಡುವುದನ್ನೂ ಮರೆತು, ಪಾತ್ರೆ ಹಿಡಿದು ನಿಂತಿದ್ದ ತಮ್ಮ ತಂಡದ ಹೆಂಗಸರತ್ತ ತಿರುಗಿದರು.

"ಈಗ ಕೇಳ್ತಾ ಇದ್ದೇನೆ. ತಡ ಆಯ್ತು, ಗೊತ್ತುಂಟು. ನಿಮಗೆ ಆ ಲೀಗ್ ಬೇಕಾ?"

ಒಬ್ಬೊಬ್ಬರನ್ನೇ, ಸೌಟು ತೋರಿಸಿ ತೋರಿಸಿ ಕೇಳಿದರು. ಒಬ್ಬರು ಬೇಡವೆಂದರು. ಇನ್ನೊಬ್ಬರು ಶುಕ್ರವಾರ ಬಿಡಲಾಗದೆಂದರು. ಜೋಸ್ಲಿನ್, "ಅಲ್ಲಿ ಊಟ ಪೊಟ್ಟಣದಲ್ಲಿ ಕೊಡುದಂತೆ ಭೋಜಣ್ಣ, ನನ್ನ ಗಂಡನೇ ಆರ್ಡರ್ ಮಾಡಿದ್ದು. ಅವನ ಟೇಸ್ಟ್ ನನಗೆ ಗೊತ್ತುಂಟು!" ಎಂದು ಮುಖ ಕಿವುಚಿದಳು. ಎಲ್ಲರಿಗಿಂತ ಚಿಕ್ಕವಳಾದ ಭವ್ಯಶ್ರೀ ಮಾತ್ರ ನೆಲ ನೋಡುತ್ತ, "ನನಗೆ ಆ ಲೈಟಿನ ಕೆಳಗೆ ಆಡ್ಬೇಕು ಅಂತ ಆಸೆ ಉಂಟು" ಎಂದಳು. ಅವಳನ್ನು ಯಾರೂ ಬೈಯಲಿಲ್ಲ. "ಸೀಬ್‌ನವರತ್ರ ನಾನು ಮಾತಾಡ್ತೇನೆ ಮಗಾ, ಅವರ ಟೀಮಿನಲ್ಲಿ ಆಡು. ಆಸೆ ನಿಂದು, ಕೈ ನಿಂದು" ಎಂದರು ಭೋಜರಾಜರು. ಕಮಿಷನರ್ ಆಗಿ ಅವರು ಹೊರಡಿಸಿದ ಮೊದಲ ಹಾಗೂ ಕೊನೆಯ ಆಜ್ಞೆ ಅದು.

ಖೌದ್ ಬರುವುದಿಲ್ಲ, ಕಮಿಷನರ್ ಪಟ್ಟವೂ ಬೇಡ ಎಂದು ಅಲ್ಲಿಂದಲೇ ಶೆಲ್ಡನ್‌ಗೆ ಫೋನ್ ಹೋಯಿತು. ಅವನ ಗೋಳು ಚಾಪೆಯವರೆಗೂ ಕೇಳಿಸಿತು: "ಬ್ಯಾನರ್ ಪ್ರಿಂಟಿಗೆ ಹೋಗಿದೆ ಭೋಜಣ್ಣ, ನಿಮ್ಮ ಫೋಟೋ ಸಮೇತ!" ಜೋಸ್ಲಿನ್ ಫೋನ್ ಕಸಿದುಕೊಂಡಳು. "ಖಲಾಸ್, ಶೆಲ್ಡನ್. ಮನೆಗೆ ಬಾ, ಮಾತಾಡುವ." ಸಂಸಾರಸ್ಥರೆಲ್ಲರಿಗೂ ಆ 'ಮಾತಾಡುವ'ದ ಅರ್ಥ ಗೊತ್ತಿತ್ತು. ಶೈಲಶ್ರೀ ದೋಸೆಯ ಚೂರನ್ನು ಮತ್ತೆ ಕೈಗೆತ್ತಿಕೊಂಡು, "ಗಸಿ ತರ್ರಿ ಅಣ್ಣಾರ. ಈ ಸಲ ಕೋಟು ಹಿಂಡಬ್ಯಾಡ್ರಿ" ಎಂದಳು.

ಮವಾಲೇಹ್, ಸೀಬ್ ಹೋದವು. ಕೂಟದಲ್ಲಿ ಉಳಿದದ್ದು ಎರಡೇ ತಂಡ. ಬ್ಲೇಜರ್ ಲಾಂಡ್ರಿಗೆ ಹೋಗಿ, ತೋಳಿನ ಮೇಲೆ ಗಸಿಯ ಹಳದಿ ಗುರುತನ್ನು ಉಳಿಸಿಕೊಂಡೇ ಶೆಲ್ಡನ್‌ಗೆ ಹಿಂದಿರುಗಿತು. ಬ್ಯಾನರಿನಲ್ಲಿ ಭೋಜರಾಜರ ಮುಂಡವನ್ನು ಹಾಗೆಯೇ ಇಟ್ಟು ಬೇರೊಬ್ಬರ ತಲೆ ಅಂಟಿಸಿದ್ದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರಲ್ಲಿ ಭೋಜರಾಜರೇ ಮೊದಲಿಗರು. ಎರಡೇ ತಂಡವಾಯಿತಲ್ಲ ಎಂದು ಮರುಗಿದವರಿಗೆ ಅವರ ಉತ್ತರ ಸಿದ್ಧವಿತ್ತು: "ಅದಕ್ಕೆಂತ ಬೇಸರ ಮಾರಾಯ್ರೆ? ನಮ್ಮ ಪಿಲಿಯದ್ದೂ ಎರಡೇ ತಂಡದ ಕೂಟ ಆಗಿತ್ತು, ಈಗ ಬೇರೆ ಕಾಲೇಜುಗಳು ಬಂದು ಸೇರ್ತಾ ಉಂಟು. ಅಷ್ಟರವರೆಗೆ ನಮಗೆ ಪ್ರತಿ ಶುಕ್ರವಾರ ಫೈನಲ್!"

ಜನವರಿಯ ಒಂದು ಶುಕ್ರವಾರ ಮವಾಲೇಹ್‌ನ ಹೆಂಗಸರು ಕಾರಿನಿಂದಿಳಿದರು. ಸುಮ್ಮನೆ ನೋಡಿ ಹೋಗಲು ಬಂದದ್ದೆಂದರು. ನೋಡಲು ಬಂದವರ ಕೈಯಲ್ಲಿ ಬಿಸಿ ಪತ್ರೊಡೆಯ ಡಬ್ಬಿ ಏಕಿತ್ತೆಂದು ಯಾರೂ ಕೇಳಲಿಲ್ಲ. ಅವರ ಹಿಂದೆ, ಸೀಬ್ ತಂಡ ಸೇರಿದ್ದ ಭವ್ಯಶ್ರೀಯೂ ಇದ್ದಳು. ಅಂದು ಸೋತದ್ದು ಮತ್ತೆ ಖೌದ್. ಪಿಲಿ ಕೋಟನ್ನು ಕಾರಿನಲ್ಲಿ ಭದ್ರವಾಗಿರಿಸಿ, ಅಂಗಿಯ ತೋಳು ಮಡಚಿ, ಭುಜ ಓರೆ ಮಾಡಿಕೊಂಡು ಸಾಲಿನ ನಡುವೆ ಬಡಿಸುತ್ತ ಬಂದ ಭೋಜರಾಜರು ಮವಾಲೇಹ್‌ನವರ ಮುಂದೆ ನಿಂತು, ಇಡೀ ಚಾಪೆಗೆ ಕೇಳುವಂತೆ, "ಅದೆಲ್ಲ ಸರಿ, ವಾಪಾಸ್ ಬರುವ ರೂಟ್ ಗೊತ್ತಾಯ್ತಲ್ಲ?" ಎಂದರು.

ಪ್ರಲೋಭನೆಯೇ ಬಾರದೆ ಶುದ್ಧರಾಗಿ ಉಳಿದವರ ಮೇಲೆ ನನಗೆ ಅಂಥ ಗೌರವವಿಲ್ಲ. ಅವರ ಅಳತೆಯ ಬ್ಲೇಜರ್ ಇನ್ನೂ ಯಾರೂ ಹೊಲಿದಿಲ್ಲ, ಅಷ್ಟೆ. ಜಗತ್ತಿನ ಕೂಟಗಳನ್ನು ಒಡೆಯುವವರು ರಾಕ್ಷಸರೇನಲ್ಲ, ಆಡುವವರನ್ನು ಕೇಳಲು ಮರೆತ ಭೋಜರಾಜರೇ ಅವರೂ. ಆದರೆ ಅವರು ಮೇಜಿನ ಆ ಬದಿಯಲ್ಲಿ ಕುಳಿತೇ ಇರುತ್ತಾರೆ. ಸೌಟು ಹಿಡಿದು, ನಡು ಬಗ್ಗಿಸಿ, ತಾವು ಕೈಬಿಟ್ಟವರ ತಟ್ಟೆಯ ಮುಂದೆ ನಿಲ್ಲುವ ಕಟ್ಟಳೆ ಅವರಿಗಿಲ್ಲ. ಇದ್ದಿದ್ದರೆ ಅವರಿಗೂ ಕಿವಿ ಕೆಂಪಾಗುತ್ತಿತ್ತು. ಕಿವಿ ಕೆಂಪಾದ ಮೇಲೂ ನಗುತ್ತ ಮುಂದಿನ ತಟ್ಟೆಗೆ ಹೋಗಬಲ್ಲ ಇಂಥವರು ಯಾವ ಊರಿಗೆ ಹೋದರೂ ಒಂದಿಬ್ಬರು ಸಿಗುತ್ತಾರೆ. ಅವರು ಇರುವ ತನಕ ಎರಡೇ ತಂಡ ಉಳಿದರೂ ಕೂಟ ಕೂಟವೇ.