ನೀರು ಬರುವ ಓಣಿ

ಸತತ ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಭಾಲ್ಕಿಯ ಅಂಚಿನಲ್ಲಿದ್ದ ಹಳ್ಳದ ಓಣಿಯ ಅರ್ಧ ಮನೆಗಳಿಗೆ ಬೀಗ ಬಿತ್ತು. ಶಾಲುಬಾಯಿಯ ಮಗ ದತ್ತಾತ್ರಿಯೂ ಹೆಂಡತಿಯನ್ನು ಕರೆದುಕೊಂಡು ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋದ. ಹೋಗುವಾಗ, "ಅವ್ವ, ಹಿತ್ತಲದಾಗ ಒಂದು ಖೋಲಿ ಎಬ್ಬಿಸು. ನಮಗೂ ಮಲಗಲಿಕ್ಕ ಜಾಗ ಆದ್ರ ಹೊಳ್ಳಿ ಬರ್ತೇನಿ," ಎಂದಿದ್ದ. ಒಂದೇ ಕೋಣೆಯ ಮನೆಯಲ್ಲಿ ಅತ್ತೆ, ನಾದಿನಿಯರ ಜೊತೆ ಸೊಸೆ ಇನ್ನೆಷ್ಟು ದಿನ ಮುದುಡಿಕೊಂಡು ಮಲಗಿಯಾಳು?

ಖೋಲಿಗೆಂದು ತರಿಸಿದ ಕೆಂಪು ಕಲ್ಲು ಹಿತ್ತಲಲ್ಲಿ ರಾಶಿ ಬಿದ್ದಿತ್ತು. ಪರವಾನಗಿ ಇಲ್ಲದೆ ಎಬ್ಬಿಸಿದ ಗೋಡೆಯನ್ನು ಪಕ್ಕದ ಓಣಿಯಲ್ಲಿ ಪುರಸಭೆಯವರು ಕೆಡವಿ ಹೋಗಿದ್ದರು. ಅದಕ್ಕೇ ಗೋಡೆ ಕಟ್ಟುವ ಗೌಂಡಿ ಬಾಬುಮಿಯಾ ಕಾಗದ ಕೈಗೆ ಬರಲಿ ಎಂದು ಕಾಯುತ್ತಿದ್ದ.

ಅಂಥದರಲ್ಲೇ ಒಂದು ಬೆಳಿಗ್ಗೆ ಫೈಲು, ಟೇಪು ಹಿಡಿದು ಇಬ್ಬರು ಸಾಹೇಬರು ಓಣಿಗೆ ಬಂದರು. ಆ ದಿನಗಳಲ್ಲಿ ಫೈಲು ಹಿಡಿದವರೆಲ್ಲ ಬರದ ಪರಿಹಾರ ಕೊಡಲಿಕ್ಕೇ ಬಂದವರು ಎಂಬುದು ಓಣಿಯ ನಂಬಿಕೆ.

"ಮಳೆಗಾಲದಲ್ಲಿ ನೀರು ನುಗ್ಗುತ್ತದೇನಮ್ಮ?" ಎಂದ ಒಬ್ಬ.

"ಏನ್ ಹೇಳ್ಲಿ ಸಾಹೇಬ್ರ," ಶಾಲುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮೊಣಕಾಲ ಮಟ ಬರ್ತಾವ್ರಿ. ಭಾಂಡಿ ತೇಲಿ ಹೋಗ್ತಾವ್ರಿ."

ಪಕ್ಕದ ಮನೆಯ ಗಂಗುಬಾಯಿ ಓಡಿ ಬಂದಳು. "ಅವ್ರ ಮನಿಗೆ ಮೊಣಕಾಲ ಮಟ ಬರ್ದೀರಂದ್ರ ನಮ್ಮ ಮನಿಗೆ ನಡದ ಮಟ ಬರೀರಿ. ನಮ್ಮದು ತಗ್ಗಿನಾಗ ಅದ."

ಶಾಲುಬಾಯಿಯ ಮಗಳು ಮೀರಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಏಳನೆಯ ತರಗತಿಗೇ ಸಾಲಿ ಬಿಟ್ಟವಳು, ಹೊರಗಿನವರೆದುರು ಬಾಯಿ ಬಿಡುವವಳಲ್ಲ. ಹಳ್ಳ ತುಂಬಿ ಬಂದ ವರ್ಷವೂ ನೀರು ಓಣಿಯ ತುದಿಯ ಬೇವಿನ ಮರ ದಾಟಿರಲಿಲ್ಲ ಎಂಬುದು ಅವಳಿಗೆ ನೆನಪಿತ್ತು. ಸಾಹೇಬರು ಹೋದ ಮೇಲೆ ಕೇಳಿದಳು, "ಅವ್ವ, ನಮ್ಮನ್ಯಾಗ ಯಾವಾಗ ನೀರ ಬಂದಿತ್ತು?"

"ಸುಮ್ಮ ಕೂಡು. ಬರ್ಕೊಂಡು ಹೋಗ್ಯಾರ, ಏನರೆ ಕೊಡ್ತಾರ."

ಕೊಟ್ಟರು. ಊರು ಬೆಳೆಸುವ ಹೊಸ ನಕ್ಷೆಯಲ್ಲಿ ಹಳ್ಳದ ಓಣಿಗೆ ಕೆಂಪು ಬಣ್ಣ ಕೊಟ್ಟರು. ಅಪಾಯದ ಜಾಗ, ಹೊಸದಾಗಿ ಒಂದು ಗೋಡೆಯನ್ನೂ ಎಬ್ಬಿಸುವಂತಿಲ್ಲ.

ತಾಯಿ, ಮಗಳು ಬಸ್ಸು ಹತ್ತಿ ಬೀದರಿನ ಕಚೇರಿಗೆ ಹೋದರು. ಊಟದ ಹೊತ್ತು ಕಳೆದ ಮೇಲೆ ಗುಮಾಸ್ತ ನಕ್ಷೆ ಬಿಚ್ಚಿದ.

"ನೀರು ನುಗ್ಗುತ್ತದೆ ಅಂತ ಅಲ್ಲಿನ ಜನ ಹೇಳಿದರೆ ಅದು ಅಪಾಯದ ಜಾಗ. ನಿಯಮ ಹಾಗಿದೆ. ಹೇಳಿದವರು ನೀವೇ ಅಲ್ಲವಾ?"

"ಅವತ್ತ ಸುಳ್ಳ ಹೇಳಿದೆ ಸಾಹೇಬ್ರ."

"ಇವತ್ತು ಹೇಳ್ತಿರೋದು ಖರೆ ಅಂತ ನಾನು ಹೇಗೆ ನಂಬಲಿ?"

ಮೀರಾಳ ಕಣ್ಣು ನಕ್ಷೆಯ ಮೇಲೆಯೇ ಇತ್ತು. ಓಣಿಯ ಮೇಲ್ಗಡೆ ಹಳ್ಳ ತಿರುವು ತೆಗೆದುಕೊಳ್ಳುವ ಕಡೆ ಯಾವ ಬಣ್ಣವೂ ಇರಲಿಲ್ಲ. ಅಲ್ಲಿ ಸಾಲಾಗಿ ಪ್ಲಾಟುಗಳ ಗೆರೆ ಎಳೆದಿದ್ದರು.

"ಅದು ಹಳ್ಳ ಅದ್ರಿ," ಎಂದಳು. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

"ಹರಿಯೋ ನೀರು ಕಂಡರೆ ಅದು ಕಾಪಾಡಬೇಕಾದ ಜಾಗ. ಅಳೆಯೋಕೆ ಹೋದಾಗ ಅಲ್ಲಿ ನೀರೇ ಇರಲಿಲ್ಲ."

"ಬರಗಾಲದಾಗ ನೀರು ಎಲ್ಲಿಂದ ಬರ್ಬೇಕ್ರಿ?"

ಗುಮಾಸ್ತ ನಕ್ಷೆ ಸುತ್ತಿಟ್ಟ. "ಅರ್ಜಿ ಕೊಟ್ಟು ಹೋಗಿ. ದೊಡ್ಡ ಮಳೆ ಬಂದಾಗ ನಿಮ್ಮ ಮನೆಗೆ ನೀರು ಬರಲಿಲ್ಲ ಅಂತ ಫೋಟೋ ತಂದರೆ ನೋಡೋಣ."

ಊರಿಗೆ ಬಂದು ಹೇಳಿದಾಗ ಬಾಬುಮಿಯಾ ತಲೆ ಕೆರೆದುಕೊಂಡ. "ಮಳಿ ಬರ್ಲಿ, ನೀರು ಮಾತ್ರ ಬರೋದು ಬ್ಯಾಡ. ಇಂಥ ದುವಾ ಅಲ್ಲಾಗ ಹ್ಯಾಂಗ ತಿಳೀಬೇಕು ಭಾಬಿ?"

ಆ ಬೇಸಿಗೆಯಿಡೀ ಟಿಪ್ಪರುಗಳು ಓಣಿಯ ಮುಂದಿನಿಂದಲೇ ಓಡಾಡಿದವು. ಹಳ್ಳದ ತಿರುವಿಗೆ ಮುರುಮು ಮಣ್ಣು ಸುರಿದು ಎತ್ತರ ಮಾಡಿ, ಪ್ಲಾಟುಗಳ ಗುರುತಿಗೆ ಸುಣ್ಣ ಬಳಿದ ಕಲ್ಲು ನೆಟ್ಟರು. ಮೀರಾ ಬೇವಿನ ಮರದ ಕೆಳಗೆ ನಿಂತು ನೋಡುತ್ತಿದ್ದಳು. ಯಾರಿಗೆ ಹೇಳುವುದು? ಕಚೇರಿಯಲ್ಲಿ ಹೇಳಿಯಾಗಿತ್ತು.

ಮಳೆ ಬಂದದ್ದು ಆ ಮಳೆಗಾಲದ ಕೊನೆಗೆ, ಪಿತೃಪಕ್ಷದ ಒಂದು ಮಧ್ಯಾಹ್ನ. ಎರಡು ವರ್ಷದ ಬಾಕಿಯನ್ನು ಒಮ್ಮೆಲೇ ಸುರಿದಂತೆ ಬಂತು. ಶಾಲುಬಾಯಿಯ ಮುಖ ಅರಳಿತು. "ಮೀರಾ, ಮೊಬೈಲ್ ತಗೊ. ಮನಿ ಒಣಗಿ ಅದ ಅಂತ ಕಾಣಬೇಕು ನೋಡು. ಹೊಚ್ಚಲ ಸಮೇತ ತೆಗಿ."

ಮೀರಾ ಹೊಸ್ತಿಲೊಳಗೆ ನಿಂತು ಮೊಬೈಲು ಎತ್ತಿ ಹಿಡಿದಳು. ಮುರುಮಿಗೆ ಡಿಕ್ಕಿ ಹೊಡೆದು ದಾರಿ ತಪ್ಪಿದ ಕೆಂಪು ನೀರು ಓಣಿಗೆ ತಿರುಗಿತ್ತು. ಅದು ಬೇವಿನ ಮರವನ್ನು ಬಳಸಿತು. ಗಂಗುಬಾಯಿಯ ಕಟ್ಟೆ ಮುಳುಗಿಸಿತು. ಮೊಬೈಲಿನ ಗಾಜಿನೊಳಗೆ ನೀರು ಅವಳ ಕಡೆಗೇ ಬರುತ್ತಿತ್ತು. ಕಾಲಿಗೆ ತಣ್ಣಗೆ ತಾಗಿದಾಗಲೇ ಅವಳು ಕೆಳಗೆ ನೋಡಿದ್ದು.

"ತೆಗೀಬ್ಯಾಡ," ಎಂದಳು ಶಾಲುಬಾಯಿ.

ಮೀರಾ ಮೊಬೈಲನ್ನು ಗೋಡೆಯ ಮಾಡದೊಳಗೆ ಇಟ್ಟು ಹಿತ್ತಲಿಗೆ ಓಡಿದಳು. ಖೋಲಿಯ ಕಲ್ಲೊಂದನ್ನು ಎದೆಗವಚಿಕೊಂಡು ತಂದು ಬಾಗಿಲಿಗೆ ಅಡ್ಡ ಇಟ್ಟಳು, ಮತ್ತೊಂದು ತಂದಳು. ತಾಯಿ ಸೀರೆ ಎತ್ತಿ ಕಟ್ಟಿ ಸಂದಿಗೆ ಹಳೆ ಬಟ್ಟೆ ತುರುಕತೊಡಗಿದಳು. ಮಾಡದಲ್ಲಿ ಮೊಬೈಲು ಹೊಡೆದುಕೊಂಡಿತು. ದತ್ತಾತ್ರಿಯೇ ಇರಬೇಕು, ಮಳೆಯ ಸುದ್ದಿ ಹೈದರಾಬಾದಿಗೆ ಮುಟ್ಟಿರಬೇಕು.

"ಎತ್ತಲ್ಯಾ ಅವ್ವ?"

"ಎತ್ತಿ ಏನ್ ಹೇಳ್ತಿ?" ಶಾಲುಬಾಯಿ ತಿರುಗಿ ನೋಡಲಿಲ್ಲ. "ಇನ್ನೆರಡು ಕಲ್ಲು ತಾ."