ಮೋಟರಿನ ಮೈಲಿಗೆ

"ಲೇ ಸೂಳಿಮಗನ, ದೂರ ನಿಂತು ಮಾಡಲೇ! ನಿನ್ನ ನೆರಳು ನನ್ನ ಮ್ಯಾಲ ಬೀಳಾಕತ್ತದ."

ದೂರ ನಿಂತು ಮೋಟರು ಬಿಚ್ಚುವುದು ಹೇಗೆಂದು ಸಾಹುಕಾರ ಸಂಗಣ್ಣ ಹೇಳಲಿಲ್ಲ. ಲೇತಿನ ಮೋಟರಿನೊಳಗೆ ಮೊಣಕೈತನಕ ತೋಳು ತೂರಿಸಿ ಕೂತಿದ್ದ ಚಂದ್ರಾಮಪ್ಪ, "ತಪ್ಪಾತ್ರಿ ಯಪ್ಪಾ" ಎಂದು ಗೋಡೆಗೆ ಅಂಟಿದ. ಇನ್ನೂ ಸರಿಯಲು ಜಾಗವಾದರೂ ಎಲ್ಲಿತ್ತು?

ಯಾದಗಿರಿಯ ಆ ಹತ್ತಿ ಜಿನ್ನಿಂಗಿನಲ್ಲಿ ಅವನು ಕಸ ಹೊಡೆಯುವವನು. ಮಷೀನು ಮುಟ್ಟುವ ಕೆಲಸ, ಅಲ್ಲೇ ಹತ್ತಿ ಆರಿಸುವ ಖಾಸಿಂಬೀಯ ಗಂಡನದಾಗಿತ್ತು. ಪೊಲೀಸ್ ಆಕ್ಷನ್ ಆದ ವರ್ಷ ಆ ಮಿಸ್ತ್ರಿ ಓಡಿಹೋದನೋ, ಯಾವ ಬಾವಿಯ ಪಾಲಾದನೋ, ಖಾಸಿಂಬೀಗೂ ಗೊತ್ತಿಲ್ಲ. ನಿಜಾಮ ಹೋದ, ಗೇಟಿನ ಮೇಲೆ ಹೊಸ ಬಾವುಟ ಬಂತು, ಇತ್ತ ಲೇತಿನ ಮೋಟರು ನರಳತೊಡಗಿತು. ಬೇರಿಂಗು ಸವೆದು, ಒಳಗಿನ ಗುಂಡುಗಳು ಲಟಲಟ ಎಂದು, ಶಾಫ್ಟು ಕುಡುಕನ ಹಾಗೆ ತೂರಾಡುತ್ತಿತ್ತು. ಲೇತು ನಿಂತರೆ ಹತ್ತಿಯ ಬೀಜ ಬಿಡಿಸುವ ಉರುಳೆ ಕಡೆಯುವಂತಿಲ್ಲ, ಉರುಳೆ ಇಲ್ಲದೆ ಜಿನ್ನಿಂಗು ನಡೆಯುವಂತಿಲ್ಲ. ಶಹಾಪುರದ ಹತ್ತಿ ಗಾಡಿಗಳು ಆಗಲೇ ಗೇಟಿನೆದುರು ಸಾಲುಗಟ್ಟಿದ್ದವು. ಹೈದರಾಬಾದಿನಿಂದ ಹೊಸ ಬೇರಿಂಗು ಬಂತು, ಹಾಕುವ ಮಿಸ್ತ್ರಿ ಬರಲಿಲ್ಲ. ಆಗ ಸಾಹುಕಾರನಿಗೆ ನೆನಪಾದವನು, ಮಿಸ್ತ್ರಿಯ ಬೆನ್ನ ಹಿಂದೆ ಕಂದೀಲು ಹಿಡಿದು ನಿಲ್ಲುತ್ತಿದ್ದ ಚಂದ್ರಾಮಪ್ಪ. ಕಾರ್ಯವಾಸಿ ಕತ್ತೆ ಕಾಲು ಹಿಡಿ ಅಂತಾರಲ್ಲ, ಹಾಗೆ.

"ರೊಕ್ಕ ಬ್ಯಾಡ್ರಿ ಯಪ್ಪಾ," ಎಂದಿದ್ದ ಚಂದ್ರಾಮಪ್ಪ, "ನಮ್ಮ ಕೇರಿಯವರಿಗೆ ನಿಮ್ಮ ತೊಟ್ಟಿ ನೀರು ತುಂಬ್ಕೊಳ್ಳಾಕ ಬಿಡ್ರಿ. ಹಳ್ಳದ ಒರತಿ ಕೆಸರಾಗ್ಯದ. ಕೂಸುಗಳಿಗೆ ವಾಂತಿಭೇದಿ ಹತ್ಯದ."

ಅವನ ಮಗಳೇ ನಿನ್ನೆಯಿಂದ ಕಣ್ಣು ಬಿಟ್ಟಿರಲಿಲ್ಲ.

"ಮೋಟರು ತಿರುಗಿದ್ರ ತುಂಬ್ಕೋರಿ. ತಿರುಗ್ಲಿಲ್ಲಂದ್ರ ನಿನ್ನ ಚರ್ಮ ಸುಲಿದು ಮಷೀನಿಗೆ ಪಟ್ಟಾ ಹೊಲಿಸ್ತೀನಿ, ನೋಡು!"

ಮಾತು ಕೇರಿಗೆ ಮುಟ್ಟಿತು. ಹೆಂಗಸರು ಖಾಲಿ ಕೊಡ ಹೊತ್ತು ಗೇಟಿನ ಹೊರಗೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಅವನ ಹೆಂಡತಿ ಮರಿಲಿಂಗಮ್ಮ.

ಹಳೆಯ ಬೇರಿಂಗು ಸುಲಭಕ್ಕೆ ಬರಲಿಲ್ಲ. ಮೂರು ಕೊಂಡಿಯ ಸಾಧನ ಅದರ ಬೆನ್ನಿಗೆ ಸಿಕ್ಕಿಸಿ ತಿರುವಿದ, ತಿರುವಿದ. ಕೊನೆಗೆ ಟಣ್ಣನೆ ಕಿತ್ತು ಬಂತು. ಹೊಸದನ್ನು ಅಗಲವಾಗಲೆಂದು ಎಣ್ಣೆಯಲ್ಲಿ ಕಾಯಿಸಿದ. ಚಿಂದಿ ಬಟ್ಟೆಯಲ್ಲಿ ಹಿಡಿದು ಶಾಫ್ಟಿಗೆ ಏರಿಸಿದರೆ ಸರಕ್ಕನೆ ಹೋಗಿ ಕೂತಿತು. ಹೆಬ್ಬೆರಳು ಬೊಬ್ಬೆ ಎದ್ದದ್ದು ಅವನಿಗೆ ಆಮೇಲೆ ಗೊತ್ತಾಯಿತು. ಗ್ರೀಸು ತುಂಬಿ ಕೈಯಿಂದ ತಿರುಗಿಸಿ ನೋಡಿದ. ಸದ್ದಿಲ್ಲ, ತೂರಾಟವಿಲ್ಲ. ಯವ್ವಾ, ಎಷ್ಟು ಹಿಗ್ಗಿದ! ಮಗಳು ಬದುಕಿದಳು ಅಂತಲೇ ಅಂದುಕೊಂಡ. ಮುಚ್ಚಳಕ್ಕೆ ಕೈ ಹಾಕಿದ.

"ನಿಲ್ಲಲೇ! ಮುಚ್ಚಬ್ಯಾಡ. ಹೊರಗ ನಡಿ," ಎಂದ ಸಾಹುಕಾರ.

ಗುಡಿಯ ಪೂಜಾರಿ ತೊಟ್ಟಿಯಿಂದ ಕೊಡದ ತುಂಬ ನೀರು ತರಿಸಿ, ಅರಿಸಿನ, ಗೋಮೂತ್ರ ಬೆರೆಸಿಕೊಂಡು ಬಂದಿದ್ದ. "ಹೊಲ್ಯಾನ ಕೈ ಒಳಗ ಹೊಕ್ಕದ ಸಾಹುಕಾರ್ರ. ಮ್ಯಾಲ ಚಿಮುಕಿಸಿದ್ರ ಸಾಲ್ತದೇನು? ಒಳಗೇ ಸುರುವಬೇಕು."

ಚಂದ್ರಾಮಪ್ಪ ಹೊಸ್ತಿಲಾಚೆಯಿಂದಲೇ ಮಣ್ಣಿಗೆ ಹಣೆ ಹಚ್ಚಿದ. "ಬ್ಯಾಡ್ರಿ ಅಯ್ಯಾರ! ಒಳಗ ತಂತಿ ಅದಾವ್ರಿ. ನೀರು ಬಿದ್ರ ಸುಟ್ಟು ಹೋಗ್ತಾವ್ರಿ!"

"ಗಂಗವ್ವ ಸುಡ್ತಾಳಂತ! ಮೈಲಿಗಿ ಮಾಡಿದವನು ನೀನು, ಶಾಸ್ತ್ರ ಹೇಳವನೂ ನೀನ ಏನಲೇ?"

ಪೂಜಾರಿ ಕೊಡವನ್ನು ಮೋಟರಿನೊಳಗೆ ಪೂರ್ತಿ ಬಗ್ಗಿಸಿದ. ಗೇಟಿನ ಸರಳಿನಾಚೆ ಹೆಂಗಸರು ಆ ನೀರು ಬೀಳುವುದನ್ನೇ ನೋಡುತ್ತಿದ್ದರು.

"ಒಂದು ದಿನ ಬಿಸಿಲಿಗಾದ್ರೂ ಇಡ್ರಿ ಯಪ್ಪಾ, ನಿಮ್ಮ ಕಾಲಿಗೆ ಬೀಳ್ತೀನಿ..."

"ಒಂದು ದಿನ ಕಾಯಾಕ ಗಾಡಿಯವರು ನಿಮ್ಮಪ್ಪನ ಆಳಾ? ಬಾಯಿ ಮುಚ್ಚು!" ಎಂದ ಸಾಹುಕಾರ.

ಶುದ್ಧವಾದ ಮೋಟರನ್ನು ಇನ್ನು ಚಂದ್ರಾಮಪ್ಪ ಮುಟ್ಟುವಂತಿಲ್ಲ. ಗುಮಾಸ್ತನೇ ಮುಚ್ಚಳ ಬಿಗಿದ, ಗುಮಾಸ್ತನೇ ಸ್ವಿಚ್ಚು ಒತ್ತಿದ. ಮೋಟರು ಒಮ್ಮೆ ಗುಂಯ್ ಎಂದಿತು. ಆಮೇಲೆ ಒಳಗೆ ಚಟಚಟ ಕಿಡಿ, ಕಮಟು ಹೊಗೆ. ಅಲ್ಲಿಗೆ ಮುಗಿಯಿತು.

"ಕೆಡಿಸಿದೆಲ್ಲೋ ಬೋಸುಡಿಮಗನ!"

ಸಾಹುಕಾರನ ಕಾಲಿನ ಕೆರ ಕೈಗೆ ಬಂತು. "ಹೊಲ್ಯಾನ ಕೈ ಬಿದ್ದ ಮ್ಯಾಲ ಇನ್ನೇನಾಗ್ತದ?" ಎಂದು ಪೂಜಾರಿ ಖಾಲಿ ಕೊಡ ಎತ್ತಿಕೊಂಡು ನಡೆದ. "ನೀರು ಬಿತ್ತಲ್ರಿ... ನೀರು..." ಎನ್ನುತ್ತಿದ್ದ ಚಂದ್ರಾಮಪ್ಪನ ಬಾಯಿಗೇ ಏಟು ಬಿತ್ತು. ಅವನು ಕೈ ಅಡ್ಡ ತರಲಿಲ್ಲ. ಏಟಿಗಿಂತಲೂ ಗೇಟಿನ ಕಡೆ ನೋಡುವುದು ಅವನಿಗೆ ಕಷ್ಟವಾಗಿತ್ತು.

ಗೇಟು ಕಿರ್ರೆಂದಿತು. ಮರಿಲಿಂಗಮ್ಮ ಒಳಗೆ ಬಂದಳು. ಗಂಡನ ಕಡೆಗೂ ನೋಡದೆ ನೆಟ್ಟಗೆ ತೊಟ್ಟಿಗೆ ಹೋಗಿ ಬಳಬಳ ಕೊಡ ಮುಳುಗಿಸಿದಳು.

"ಏ ಏ! ಅಕೀನ ಹಿಡೀರಲೇ!"

ಹಿಡಿಯಲು ಮುಟ್ಟಬೇಕಲ್ಲ! ಒಬ್ಬನೂ ಮುಂದೆ ಬರಲಿಲ್ಲ.

"ಮೋಟರಿಗೆ ಒಂದು ಕೊಡ ಸುರುವೀರಿ," ಎಂದಳು ಅವಳು, "ನನ್ನ ಕೂಸಿಗೂ ಒಂದು ಒಯ್ತೀನಿ. ಏನು ಹರಕೋತೀರಿ ಹರಕೋರಿ."

ಗುಮಾಸ್ತ ಬೀಸಿದ ಕಲ್ಲು ಅವಳ ಮಣ್ಣಿನ ಕೊಡಕ್ಕೆ ಬಿತ್ತು. ಕೊಡದ ಕಂಠವಷ್ಟೇ ಅವಳ ಕೈಯಲ್ಲಿ ಉಳಿಯಿತು, ಸೀರೆಯೆಲ್ಲ ಒದ್ದೆ. ಸಾಹುಕಾರ ಕೂಗಿದ: "ತೊಟ್ಟಿ ತೂಬು ಕೀಳ್ರಿ! ಹನಿ ಉಳಿಬಾರ್ದು!"

ತೂಬು ಕಿತ್ತರು. ತೊಟ್ಟಿಯ ನೀರೆಲ್ಲ ಗಟಾರಕ್ಕೆ ನುಗ್ಗಿ, ಇಂಜಿನ್ನಿನ ಎಣ್ಣೆ, ಹತ್ತಿ ಕಸ ಹೊತ್ತುಕೊಂಡು ಗೇಟಿನಡಿಯಿಂದ ಹೊರಬಂತು. ಹೆಂಗಸರು ಗಟಾರದ ದಂಡೆಗೆ ಮೊಣಕಾಲೂರಿದರು. ಕೊಡ ಬಗ್ಗಿಸಿದರೆ ತುಂಬುವಷ್ಟು ಆಳವಿರಲಿಲ್ಲ. ಸೆರಗು ಅದ್ದಿ ಅದ್ದಿ ಕೊಡಕ್ಕೆ ಹಿಂಡತೊಡಗಿದರು. ಮರಿಲಿಂಗಮ್ಮನೂ ಬಂದು ಅವರೊಳಗೆ ಕೂತಳು.

ಚಂದ್ರಾಮಪ್ಪ ತುಟಿಯ ರಕ್ತ ಒರೆಸಿಕೊಂಡು ಬಂದು ಬೊಗಸೆಯೊಡ್ಡಿದ. ಬೊಗಸೆಯ ನೀರಿನ ಮೇಲೆ ಅವನ ಕೈಯ ಗ್ರೀಸು ತೇಲಿತು. ಚೆಲ್ಲಿದ. ಎರಡೂ ಕೈ ಮಣ್ಣಿಗೆ ಉಜ್ಜಿ ಉಜ್ಜಿ ಮತ್ತೆ ಒಡ್ಡಿದ. ಅಷ್ಟರಲ್ಲಿ ಗಟಾರದ ನೀರು ಬೆರಳು ಮುಳುಗದಷ್ಟು ತೆಳುವಾಗಿತ್ತು.